ಹದಿನೇಳನೆಯ ಅಧ್ಯಾಯದ ಗೊರಕೆ

ನನ್ನ ಅತ್ತೆಗೆ ಮದುವೆಯಾದಾಗ ಅವರು ಒಂದು ಪತ್ತೇದಾರಿ ಕಾದಂಬರಿಯನ್ನು ಅರ್ಧ ಓದಿ ಮುಗಿಸಿದ್ದರು. ಉಳಿದರ್ಧ ಧಾರವಾಡದಲ್ಲೇ ಉಳಿಯಿತು, ಅವರು ಪುಣೆಗೆ ಬಂದರು. ಕಥೆಯಲ್ಲಿ ದೇಸಾಯರೊಬ್ಬರ ಹೆಣ ವಾಡೆಯ ಬಾವಿಯಲ್ಲಿ ಸಿಕ್ಕಿತ್ತು, ಪತ್ತೇದಾರ ದಿವಾನನಿಂದ ಹಿಡಿದು ವೈದ್ಯರವರೆಗೆ ಮನೆಯವರನ್ನೆಲ್ಲ ಸಾಲಾಗಿ ಕೂರಿಸಿ ಪ್ರಶ್ನೆ ಕೇಳುತ್ತಿದ್ದ, ಅಷ್ಟರಲ್ಲಿ ಮುಹೂರ್ತ ಬಂತು. ಮುಂದೆ ಐವತ್ತು ವರ್ಷ ಅತ್ತೆ ಕೊಲೆಗಾರ ಯಾರೆಂದು ಗೊತ್ತಿಲ್ಲದೆಯೇ ಸಂಸಾರ ಮಾಡಿದರು. ಅವರ ತಮ್ಮ, ಅಂದರೆ ನನ್ನ ಗಂಡನ ಸೋದರಮಾವ, ಆ ಪುಸ್ತಕ ಪೂರ್ತಿ ಓದಿದ್ದರು. ಆದರೆ ಬಾಯಿ ಬಿಟ್ಟರೆ ತವರಿಗೆ ಕಾಲಿಡುವುದಿಲ್ಲ ಎಂದು ಅತ್ತೆ ಹೆದರಿಸಿಟ್ಟಿದ್ದರು. ಪುಸ್ತಕವೂ ಎಲ್ಲಿಯೋ ಕಾಣೆಯಾಗಿತ್ತು.

ಎರಡು ವರ್ಷದ ಹಿಂದೆ ಮಾಮಾ ಧಾರವಾಡದ ಮನೆಗೆ ಸುಣ್ಣ ಹೊಡೆಸುವಾಗ ಅಟ್ಟದ ಮೇಲೆ ಅದು ಸಿಕ್ಕಿತು. ರಟ್ಟು ಹೋಗಿತ್ತು, ಮೊದಲ ಹಾಳೆಗಳೂ ಹೋಗಿದ್ದವು, ಹಾಗಾಗಿ ಪುಸ್ತಕದ ಹೆಸರಾಗಲಿ ಬರೆದವರ ಹೆಸರಾಗಲಿ ಯಾರಿಗೂ ನೆನಪಿರಲಿಲ್ಲ. ಆದರೆ ಕೊನೆಯ ಪುಟ ಇತ್ತು. ತೊಂದರೆ ಏನೆಂದರೆ, ಅಷ್ಟರಲ್ಲಿ ಅತ್ತೆಯ ಕಣ್ಣು ಸಣ್ಣ ಅಕ್ಷರಕ್ಕೆ ಸೋತಿತ್ತು. ಕನ್ನಡಕ, ಭೂತಗನ್ನಡಿ ಎರಡೂ ಹಿಡಿದರೂ ಸಾಲುಗಳು ಇರುವೆಗಳ ಹಾಗೆ ಓಡಾಡುತ್ತವೆ ಎನ್ನುತ್ತಿದ್ದರು.

ಆಗ ಮಾಮಾ ತಾವೇ ಫೋನಿನೊಳಗೆ ಓದಿ ಕಳಿಸುತ್ತೇನೆ ಎಂದರು. ಮಾಮಾ ಅಂಚೆ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಆದರೆ ಮನಸ್ಸಿನಲ್ಲಿ ನಟರು. ಹವ್ಯಾಸಿ ನಾಟಕಗಳಲ್ಲಿ ಮೂವತ್ತು ವರ್ಷ ಬಣ್ಣ ಹಚ್ಚಿದ್ದರು. ದಿನಕ್ಕೊಂದು ಅಧ್ಯಾಯ, ಒಬ್ಬೊಬ್ಬರಿಗೆ ಒಂದೊಂದು ಧ್ವನಿ. ದೇಸಾಯರ ಹೆಂಡತಿ ಅಳುವಾಗ ನಿಜವಾಗಿಯೂ ಮೂಗು ಸೀದುತ್ತಿದ್ದರು. ನಾನು ಪ್ರತಿದಿನ ಅವರು ಕಳಿಸಿದ್ದನ್ನು ನಮ್ಮ ಲ್ಯಾಪ್‌ಟಾಪಿಗೆ ಇಳಿಸಿಡುತ್ತಿದ್ದೆ. ಪೂರ್ತಿ ಬಂದ ಮೇಲೆ ಎಲ್ಲವನ್ನೂ ಪೆನ್‌ಡ್ರೈವಿಗೆ ಹಾಕಿ, ದೊಡ್ಡ ಗುಂಡಿಗಳಿರುವ ಒಂದು ಪುಟ್ಟ ಸ್ಪೀಕರಿಗೆ ಸಿಕ್ಕಿಸಿಕೊಡುವುದು ನನ್ನ ಯೋಜನೆ. ಫೋನಿನಲ್ಲಿ ಕೇಳಲು ಅತ್ತೆಗೆ ಆಗುತ್ತಿರಲಿಲ್ಲ. ಬೆರಳು ಎಲ್ಲೋ ತಾಗಿ ಕಥೆಯ ಮಧ್ಯೆ ಯಾರಿಗೋ ಕರೆ ಹೋಗುತ್ತಿತ್ತು.

ನಲವತ್ತನಾಲ್ಕು ಅಧ್ಯಾಯ ಬಂದವು. ಆದರೆ ಮಾಮಾ ಫೈಲುಗಳಿಗೆ ಹೆಸರಿಟ್ಟ ರೀತಿಯನ್ನು ನಾನು ಮೊದಲು ಗಮನಿಸಿರಲಿಲ್ಲ. ಒಂದರ ಹೆಸರು 'ಇವತ್ತಿಂದು'. ಇನ್ನೊಂದು 'ಮತ್ತೊಂದು'. ಮುಂದಿನದು 'ಮತ್ತೊಂದು ಛಲೋದು'. ಆಮೇಲೆ 'ಗಂಟಲ ಕೆಟ್ಟದ', 'ಲೈಟ್ ಹೋಗಿತ್ತು', 'ಅಕ್ಕಗ', 'ಅಕ್ಕಗ ಎರಡನೇ ಸಲ'. ಅಧ್ಯಾಯದ ಸಂಖ್ಯೆ ಒಂದರಲ್ಲೂ ಇರಲಿಲ್ಲ. ಸ್ಪೀಕರ್ ಪಾಪ, ಹೆಸರಿನ ಅಕ್ಷರ ನೋಡಿ ಅನುಕ್ರಮವಾಗಿ ನುಡಿಸುವ ಯಂತ್ರ. ಅದು ನೇರವಾಗಿ 'ಅಕ್ಕಗ'ದಿಂದ ಶುರುಮಾಡಿತು. ಅದು ಇಪ್ಪತ್ತನೆಯ ಅಧ್ಯಾಯವಾಗಿತ್ತು.

ಅತ್ತೆಯ ಜೊತೆ ಮಧ್ಯಾಹ್ನ ಕಥೆ ಕೇಳಲು ಬರುವವರು ಒಬ್ಬರಿದ್ದರು. ನಮ್ಮ ರಸ್ತೆಯ ಮೂಲೆಯಲ್ಲಿ ಉಡುಪಿ ಕಡೆಯವರ ಒಂದು ಹೋಟೆಲಿದೆ, ಅದರ ಮಾಲೀಕರ ತಾಯಿ. ನಾವು ಹೋಟೆಲಮ್ಮ ಎನ್ನುತ್ತೇವೆ. ಇಬ್ಬರೂ ಎರಡು ದಿನ ಕೇಳಿದರು. ಮೂರನೆಯ ದಿನ ನಾನು ಪುಣೆಯ ಹೊರಗಿನ ಚಾಕಣದಲ್ಲಿ ಕೆಲಸ ಮಾಡುವ ಕಾರ್ಖಾನೆಯಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಅತ್ತೆ ನನ್ನನ್ನು ತಡೆದರು.

"ನಿನ್ನೆ ಸತ್ತಾಂವ ಇವತ್ತ ಎದ್ದು ಕೂತು ಚಹಾ ಕುಡಿಲಿಕತ್ತಾನ. ಇದು ಯಾವ ನಮೂನಿ ಕಥಿ?"

ಹೋಟೆಲಮ್ಮ ಅವನಿಗೊಬ್ಬ ಅವಳಿ ತಮ್ಮ ಇರಬೇಕೆಂದು ಊಹಿಸಿದ್ದರಂತೆ. ಅತ್ತೆಗೆ ಅದು ಒಪ್ಪಿಗೆಯಾಗಿರಲಿಲ್ಲ. ಅರ್ಧ ಕಥೆ ತಮಗೆ ಗೊತ್ತೇ ಇದೆ, ಅದರಲ್ಲಿ ಅವಳಿ ಯಾರೂ ಇಲ್ಲ ಎಂದು ವಾದಿಸಿದ್ದರು.

ನಾನು ಅತ್ತೆಗೆ ಧೈರ್ಯ ಹೇಳಿದೆ. ಈ ಕೆಲಸ ನನ್ನ ಕೈಯಲ್ಲೇ ಇತ್ತು ಎನ್ನಬೇಕು. ಕಾರ್ಖಾನೆಯಲ್ಲಿ ನಾನು ಬಿಡಿಭಾಗಗಳ ನಕಾಶೆಗಳನ್ನು ನೋಡಿಕೊಳ್ಳುವ ವಿಭಾಗದಲ್ಲಿದ್ದೇನೆ. ಅಲ್ಲಿ ನೂರಾರು ಫೈಲುಗಳ ಹೆಸರು ಬದಲಿಸಬೇಕಾಗುತ್ತದೆ. ಮೊದಲೆಲ್ಲ ಒಂದೊಂದನ್ನೇ ಕ್ಲಿಕ್ಕಿಸಿ ಬದಲಿಸುತ್ತಿದ್ದೆ. ಆಮೇಲೆ ಪಕ್ಕದ ಮೇಜಿನ ಮರಾಠಿ ಗೆಳತಿ ಕಮಾಂಡ್ ಲೈನ್ ಎಂಬ ಕಪ್ಪು ಕಿಟಕಿಯನ್ನು ತೆರೆದು ತೋರಿಸಿದಳು. ಅದರಲ್ಲಿ ಚಿತ್ರವಿಲ್ಲ, ಗುಂಡಿಯಿಲ್ಲ. ನಾಲ್ಕು ಸಾಲಿನ ಸ್ಕ್ರಿಪ್ಟ್ ಬರೆದು ಎಂಟರ್ ಒತ್ತಿದರೆ ಐನೂರು ಫೈಲು ಕಣ್ಣು ಮಿಟುಕಿಸುವಷ್ಟರಲ್ಲಿ ಹೊಸ ಹೆಸರು ಪಡೆದು ಸಾಲಾಗಿ ನಿಲ್ಲುತ್ತವೆ. ಅವತ್ತಿನಿಂದ ನಾನು ಸ್ವಲ್ಪ ಬದಲಾದೆ. ಮನೆಯಲ್ಲಿ ಮಸಾಲೆ ಡಬ್ಬಿಗಳನ್ನು ನೋಡಿದರೂ ಇವನ್ನೆಲ್ಲ ಒಂದೇ ಸಾಲಿನಲ್ಲಿ ಸರಿಮಾಡಬಹುದಿತ್ತು ಎನ್ನಿಸುತ್ತಿತ್ತು.

ಚಹಾ ಕುಡಿದು ಲ್ಯಾಪ್‌ಟಾಪ್ ತೆಗೆದೆ. ಮಾಮಾನ ಹೆಸರುಗಳಿಂದ ಕ್ರಮ ತಿಳಿಯುವಂತಿರಲಿಲ್ಲ, ಆದರೆ ಪ್ರತಿ ಅಧ್ಯಾಯವನ್ನೂ ಅದು ಬಂದ ದಿನವೇ ನಾನು ಇಳಿಸಿದ್ದೆ. ಆದ್ದರಿಂದ ತಾರೀಖಿನ ಪ್ರಕಾರ ನಿಲ್ಲಿಸಿದರೆ ಕಥೆಯೂ ಸರಿಯಾಗಿ ನಿಲ್ಲುತ್ತದೆ. ನನ್ನ ಸ್ಕ್ರಿಪ್ಟ್ ಹೇಳಿದ್ದು ಇಷ್ಟೇ: ಈ ಫೋಲ್ಡರಿನಲ್ಲಿರುವ ಎಲ್ಲ ಆಡಿಯೋ ಫೈಲುಗಳನ್ನು ಬಂದ ದಿನದ ಕ್ರಮದಲ್ಲಿ ನಿಲ್ಲಿಸು, ಹಳೆಯ ಹೆಸರು ಅಳಿಸು, ಪ್ರತಿಯೊಂದಕ್ಕೂ 'ಅಧ್ಯಾಯ' ಎಂದು ಹೆಸರಿಟ್ಟು ಮುಂದೆ ಮೂರಂಕಿಯ ಸಂಖ್ಯೆ ಹಾಕು. ಮೂರಂಕಿ ಯಾಕೆಂದರೆ, ಬರೀ ಒಂದು ಎರಡು ಎಂದು ಹಾಕಿದರೆ ಯಂತ್ರ ಒಂದರ ಪಕ್ಕದಲ್ಲೇ ಹತ್ತನ್ನು ತಂದು ಕೂರಿಸುತ್ತದೆ. ಇಷ್ಟೆಲ್ಲ ಯೋಚಿಸಿದ ಜಾಣೆ ನಾನು. ಎಂಟರ್ ಒತ್ತಿದೆ. ಕಪ್ಪು ಕಿಟಕಿ ಐವತ್ತೇಳು ಫೈಲುಗಳ ಕೆಲಸ ಆಯಿತು ಎಂದು ತೋರಿಸಿತು. ಮಾಮಾ ಇಷ್ಟೊಂದು ಓದಿದ್ದಾರಲ್ಲ ಎಂದು ಅಭಿಮಾನಪಟ್ಟು, ಎಲ್ಲವನ್ನೂ ಪೆನ್‌ಡ್ರೈವಿಗೆ ಹಾಕಿ ಕೊಟ್ಟೆ. ನಲವತ್ತನಾಲ್ಕು ಎಲ್ಲಿ, ಐವತ್ತೇಳು ಎಲ್ಲಿ ಎಂದು ಒಮ್ಮೆಯೂ ಹೊಳೆಯಲಿಲ್ಲ.

ಮರುದಿನದಿಂದ ಮಧ್ಯಾಹ್ನದ ಶ್ರವಣ ಮತ್ತೆ ಶುರುವಾಯಿತು. ಸಂಜೆ ನಾನು ಬಂದ ಮೇಲೆ ಅತ್ತೆ ಅವತ್ತಿನ ಕಥೆಯ ವರದಿ ಒಪ್ಪಿಸುತ್ತಿದ್ದರು. ಮೊದಲ ದಿನ ಎಲ್ಲ ಸರಿಯಾಗಿತ್ತು. ಎರಡನೆಯ ದಿನ, ಕಥೆಯಲ್ಲಿ ಯಾರೋ ಮರಾಠಿಯಲ್ಲಿ ನಾಳೆ ನೀರು ಬರುವುದಿಲ್ಲ ಎಂದು ಹೇಳಿಹೋದ ಎಂದರು. ಧ್ವನಿ ನನ್ನ ಗಂಡನದೇ ಇದ್ದ ಹಾಗಿತ್ತಂತೆ. ನಾನು ಆಶ್ಚರ್ಯಪಟ್ಟಿದ್ದಕ್ಕೆ ಅತ್ತೆ ನಕ್ಕರು. ನನ್ನ ತಮ್ಮ ಯಾರ ಧ್ವನಿಯನ್ನು ಬೇಕಾದರೂ ತೆಗೆಯುತ್ತಾನೆ, ಸೋದರಳಿಯನ ಧ್ವನಿ ತೆಗೆಯುವುದು ಅವನಿಗೆ ಯಾವ ದೊಡ್ಡ ಕೆಲಸ ಎಂದರು. ಬಾವಿಯ ಕಥೆಯಲ್ಲಿ ನೀರಿನ ಮಾತು ಬರುವುದು ಸಹಜ ಎಂದು ನನಗೂ ಅನ್ನಿಸಿತು.

ಮೂರನೆಯ ದಿನ ಪೊಲೀಸರು ಸೈರನ್ ಹೊಡೆದುಕೊಂಡು ಬಂದರಂತೆ, ಹಿಂದಿಯಲ್ಲಿ ಯಾರೂ ಗಾಬರಿಯಾಗಬೇಡಿ ಎಂದರಂತೆ, ಯಾರನ್ನೂ ಹಿಡಿಯದೆ ಹೋದರಂತೆ. ಅದೇ ದಿನ ಒಂದು ಅಧ್ಯಾಯದಲ್ಲಿ ಅತ್ತೆಯದೇ ಹಾಡು ಬಂತು. ಈ ಸಲದ ಶ್ರಾವಣದಲ್ಲಿ ಅವರು ಹೇಳಿದ್ದ ದೇವರನಾಮ. ಅಕ್ಕನ ಮೇಲಿನ ಪ್ರೀತಿಯಿಂದ ಮಾಮಾ ಅದನ್ನು ಕಥೆಯೊಳಗೆ ಸೇರಿಸಿದ್ದಾರೆಂದು ಅತ್ತೆ ಕಣ್ಣೊರೆಸಿಕೊಂಡರು. ಹಳೆಯ ಲೇಖಕರ ಕಥೆ ಹೀಗೆ ಎತ್ತೆತ್ತಲೋ ಹೋಗುತ್ತಿತ್ತೇನೋ ಎಂದು ನಾನು ಪಲ್ಯಕ್ಕೆ ಹೆಚ್ಚುತ್ತಾ ಕೇಳಿಸಿಕೊಂಡೆ.

ನಾಲ್ಕನೆಯ ದಿನ ಗೊರಕೆ ಬಂತು.

ಹದಿನೇಳನೆಯ ಅಧ್ಯಾಯದಲ್ಲಿ ಮಾತೇ ಇರಲಿಲ್ಲ. ಮೊದಲಿಂದ ಕೊನೆಯವರೆಗೆ ಒಬ್ಬ ಮನುಷ್ಯ ಗೊರಕೆ ಹೊಡೆಯುತ್ತಿದ್ದ. ನಡುವೆ ಉಸಿರು ನಿಲ್ಲುತ್ತಿತ್ತು, ಇನ್ನೇನು ಹೋದ ಎನ್ನುವಷ್ಟರಲ್ಲಿ ಒಂದು ದೊಡ್ಡ ಸೊಂಯ್ ಎಂಬ ಸದ್ದಿನೊಂದಿಗೆ ವಾಪಸಾಗುತ್ತಿತ್ತು. ಪತ್ತೇದಾರ ಹಗಲೆಲ್ಲ ಸುತ್ತಿ ದಣಿದು ಮಲಗಿದ್ದಾನೆ, ಈಗ ಯಾರೋ ಅವನ ಕುತ್ತಿಗೆ ಹಿಸುಕಲು ಬರುತ್ತಾರೆ ಎಂದು ಇಬ್ಬರು ಮುದುಕಿಯರೂ ಹನ್ನೊಂದು ನಿಮಿಷ ಪರಸ್ಪರ ಕೈ ಹಿಡಿದು ಕೂತಿದ್ದರಂತೆ. ಯಾರೂ ಬರಲಿಲ್ಲ. ಅದೇ ಅವರಿಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿತು.

ನಾನು ಅವತ್ತು ಬೇಗ ಬಂದಿದ್ದೆ. ಹೋಟೆಲಮ್ಮ ಇನ್ನೂ ಹೋಗಿರಲಿಲ್ಲ. ಮಾಮಾನಿಗೆ ಫೋನ್ ಹಚ್ಚಿಸಿ, ಸ್ಪೀಕರ್ ಹಾಕಿಸಿ, ಅವರೇ ಮಾತಾಡಿದರು.

"ಆ ಪತ್ತೇದಾರ ಮಲಗುವುದುಂಟಲ್ಲ, ಅದನ್ನು ಎಷ್ಟು ಚಂದ ಮಾಡಿದ್ದೀರಿ ನೀವು. ತೀರಿಹೋದ ನನ್ನ ಗಂಡ ಪಕ್ಕದಲ್ಲೇ ಮಲಗಿದ ಹಾಗಾಯಿತು."

ಆ ಕಡೆ ಮಾಮಾನಿಗೆ ಏನು ನೆನಪಾಯಿತೋ, ಏನು ನೆನಪಾಗಲಿಲ್ಲವೋ ದೇವರಿಗೇ ಗೊತ್ತು. ಗಂಟಲು ಸರಿಮಾಡಿಕೊಂಡು ಉತ್ತರಿಸಿದರು.

"ಅದಕ್ಕ ಭಾಳ ತಾಲೀಮು ಬೇಕ್ರಿ ಬಾಯಾರ. ಉಸಿರಿನ ಮ್ಯಾಲೆ ಹಿಡಿತ ಇರಬೇಕಾಗ್ತದ."

ಆ ಮಾತು ಕೇಳುವಾಗ ನನಗೆ ಮೊದಲ ಬಾರಿಗೆ ಸಂಶಯ ಬಂತು. ಯಾಕೆಂದರೆ ಸೊಂಯ್ ಎಂದು ವಾಪಸಾಗುವ ಗೊರಕೆ ನನಗೆ ಗೊತ್ತಿತ್ತು. ಇಪ್ಪತ್ತೆರಡು ವರ್ಷದಿಂದ ಗೊತ್ತಿತ್ತು. ಆದರೂ ಮನಸ್ಸು ಆ ಕಡೆ ಹೋಗಲು ಒಪ್ಪಲಿಲ್ಲ. ಪೂರ್ತಿ ಗೊತ್ತಾಗಿದ್ದು ಶನಿವಾರ ಬೆಳಿಗ್ಗೆ.

ನನ್ನ ಗಂಡ ನಮ್ಮ ಹೌಸಿಂಗ್ ಸೊಸೈಟಿಯ ಕಾರ್ಯದರ್ಶಿ. ನೀರಿನ ಟ್ಯಾಂಕ್ ತೊಳೆಯುವ ದಿನ, ಲಿಫ್ಟ್ ದುರಸ್ತಿಯ ದಿನ, ಗೇಟಿನ ಧ್ವನಿವರ್ಧಕದಲ್ಲಿ ಅವರ ಘೋಷಣೆ ಮೊಳಗುತ್ತದೆ. ಪ್ರತಿಸಲ ಕೂಗುವುದು ಬೇಡವೆಂದು ಮರಾಠಿಯಲ್ಲಿ ಮೊದಲೇ ರೆಕಾರ್ಡ್ ಮಾಡಿ ಲ್ಯಾಪ್‌ಟಾಪಿನಲ್ಲಿ ಇಟ್ಟುಕೊಳ್ಳುತ್ತಾರೆ. ಆ ಶನಿವಾರ ಟ್ಯಾಂಕ್ ತೊಳೆಯುವವರು ಬಂದು ಕೆಳಗೆ ಕಾಯುತ್ತಿದ್ದರು. ನನ್ನ ಕೈ ಹಿಟ್ಟಿನಲ್ಲಿತ್ತು. ಗಂಡ ಒಳಗಿನಿಂದ ಕೇಳಿದರು, "ನನ್ನ ಪಾಣೀ ಫೈಲ್ ಎಲ್ಲಿ ಹೋತು? ಇಲ್ಲಿ ಬರೇ ಅಧ್ಯಾಯ ಅಧ್ಯಾಯ ಅಂತ ಅದ."

ಹಿಟ್ಟಿನೊಳಗೆ ನನ್ನ ಕೈ ನಿಂತಿತು. ಎಲ್ಲ ಆಡಿಯೋ ಫೈಲು ಎಂದು ನಾನು ಹೇಳಿದ್ದೆ. ಯಂತ್ರ ಎಲ್ಲವನ್ನೂ ತೆಗೆದುಕೊಂಡಿತ್ತು. ಗಂಡನ ನೀರು ಮತ್ತು ಲಿಫ್ಟಿನ ಘೋಷಣೆಗಳು, ಅತ್ತೆಯ ದೇವರನಾಮ, ನನ್ನ ಕಾರ್ಖಾನೆಯ ಸುರಕ್ಷತಾ ತರಬೇತಿಯ ಸೈರನ್, ಮತ್ತು ವೈದ್ಯರಿಗೆ ಕೇಳಿಸಲೆಂದು ಗಂಡನಿಗೆ ತಿಳಿಯದಂತೆ ನಾನು ಹಿಡಿದಿಟ್ಟಿದ್ದ ಮೂರು ಗೊರಕೆಗಳು. ಎಲ್ಲವೂ ಆ ಎರಡು ತಿಂಗಳಲ್ಲೇ, ಅದೇ ಫೋಲ್ಡರಿನಲ್ಲಿ ಬಂದು ಬಿದ್ದಿದ್ದವು. ತಾರೀಖಿನ ಪ್ರಕಾರ ನಿಂತಾಗ ಕಾದಂಬರಿಯ ನಡುನಡುವೆ ಹೋಗಿ ಕೂತಿದ್ದವು.

ನಾನು ಕೈ ತೊಳೆದು ಹೊರಗೆ ಬರುವಷ್ಟರಲ್ಲಿ ಗಂಡ, ತಾವು ಈಚೆಗೆ ರೆಕಾರ್ಡ್ ಮಾಡಿದ್ದರಿಂದ ಕೊನೆಯ ಫೈಲು ತಮ್ಮದೇ ಇರಬೇಕೆಂದು ಲೆಕ್ಕ ಹಾಕಿ, ಅದನ್ನು ಇನ್ನೊಂದು ಪೆನ್‌ಡ್ರೈವಿಗೆ ಹಾಕಿಕೊಂಡು ಮೆಟ್ಟಿಲಿಳಿದು ಹೋಗಿದ್ದರು. ಕೊನೆಯ ಫೈಲು ಅವರದಾಗಿರಲಿಲ್ಲ. ಮಾಮಾ ಕಳಿಸಿದ ಕೊನೆಯ ಅಧ್ಯಾಯವಾಗಿತ್ತು.

ಐದು ಅಂತಸ್ತಿನ ಎರಡು ಕಟ್ಟಡಗಳಿಗೆ ಕೇಳುವಂತೆ ಗೇಟಿನಿಂದ ಮೊದಲು ದೇಸಾಯರ ಹೆಂಡತಿ ಅತ್ತಳು. ಮೂಗು ಸೀದಿದಳು. ಮರಾಠಿ ಮನೆಗಳ ಬಾಲ್ಕನಿಗಳಲ್ಲಿ ಒಬ್ಬೊಬ್ಬರೇ ಬಂದು ನಿಂತರು. ಎದುರಿನ ಎರಡನೆಯ ಮಹಡಿಯ ನಿವೃತ್ತ ಅಜ್ಜ, ಎಲ್ಲರ ಬಾಯಲ್ಲಿ ಆಜೋಬಾ, ಕೆಳಗೆ ಬಗ್ಗಿ, "ಪಾಣೀ ಯೇಣಾರ ಕೀ ನಾಹೀ?" ಎಂದು ಕೇಳುತ್ತಿದ್ದರು. ನೀರು ಬರುತ್ತದೋ ಇಲ್ಲವೋ ಎಂಬುದಷ್ಟೇ ಅವರ ಪ್ರಶ್ನೆ. ಉತ್ತರವಾಗಿ ಪತ್ತೇದಾರನ ಗಡಸು ಧ್ವನಿ ಕನ್ನಡದಲ್ಲಿ ಮೊಳಗಿತು: ಈ ಮನೆಯ ಅನ್ನ ಉಂಡವನೇ ಈ ಮನೆಯ ಯಜಮಾನನನ್ನು ಬಾವಿಗೆ ತಳ್ಳಿದ್ದಾನೆ, ಕೊಲೆಗಾರ ಬೇರೆ ಯಾರೂ ಅಲ್ಲ.

ಅಷ್ಟಕ್ಕೆ ನಿಂತಿತು. ನನ್ನ ಗಂಡ ಪೆನ್‌ಡ್ರೈವ್ ಕಿತ್ತಿದ್ದರು.

ಅತ್ತೆ ನಮ್ಮ ಬಾಲ್ಕನಿಯಲ್ಲಿ ಕಂಬಿ ಹಿಡಿದು ನಿಂತಿದ್ದರು. ಐವತ್ತು ವರ್ಷ ಕಾದ ಹೆಸರು ಪತ್ತೇದಾರನ ತುಟಿಯವರೆಗೆ ಬಂದು ವಾಪಸು ಹೋಗಿತ್ತು. ಕೆಳಗೆ ಮಗ ಎಲ್ಲರ ಕ್ಷಮೆ ಕೇಳುತ್ತಾ ಮರಾಠಿಯಲ್ಲಿ ಬಾಯಿಂದಲೇ ನೀರಿನ ವಿಷಯ ಕೂಗುತ್ತಿದ್ದ. ಅತ್ತೆ ಅವನನ್ನು ಬಹಳ ಹೊತ್ತು ನೋಡಿ, ಒಳಗೆ ಬಂದು ಕೂತರು.

ನಾನು ಎಲ್ಲವನ್ನೂ ಒಪ್ಪಿಕೊಂಡೆ. ಸ್ಕ್ರಿಪ್ಟ್ ಬರೆದದ್ದು, ಎಣಿಸದೇ ಇದ್ದದ್ದು, ಹಳೆಯ ಹೆಸರುಗಳ ನಕಲನ್ನೂ ಇಟ್ಟುಕೊಳ್ಳದೇ ಇದ್ದದ್ದು. ಅತ್ತೆ ಗಮನವಿಟ್ಟು ಕೇಳಿದರು.

"ಅಷ್ಟೂ ಹೆಸರು ಬದಲು ಮಾಡೂ ಮುಂದ ನಿನ್ನ ಒಂದ್ ಮಾತು ಕೇಳಲಿಲ್ಲೇನು ಅದು?"

"ಇಲ್ಲ್ರಿ ಅತ್ಯಾ. ಹೇಳಿದ್ದನ್ನ ಹೇಳಿಧಂಗ ಮಾಡಿಬಿಡ್ತದ."

"ಈ ಮನ್ಯಾಗ ಅಂಥಾದ್ದು ಅದೊಂದ ಇರಬೇಕು," ಎಂದರು ಅತ್ತೆ.

ಕೊನೆಯ ಅಧ್ಯಾಯವನ್ನು ಈಗಲೇ ಹಾಕಿಬಿಡಲೇ ಎಂದು ಕೇಳಿದೆ. ಬೇಡವೆಂದರು. ಇಷ್ಟು ವರ್ಷ ಕಾದವಳು ಮಧ್ಯದ್ದನ್ನು ಹಾರಿ ಕೊನೆಗೆ ಹೋಗುವುದಿಲ್ಲ, ಮೊದಲು ಎಲ್ಲವನ್ನೂ ಬೇರೆ ಮಾಡು ಎಂದು ಅಪ್ಪಣೆಯಾಯಿತು.

ಭಾನುವಾರ ಬೆಳಗಿನ ತಿಂಡಿ ಮುಗಿಸಿ ಕೆಲಸಕ್ಕೆ ಕೂತೆವು. ಹೋಟೆಲಮ್ಮ ಒಂದು ಡಬ್ಬಿ ಗೋಳಿಬಜೆ ತಂದರು. ಐವತ್ತೇಳು ಫೈಲುಗಳಲ್ಲಿ ಪ್ರತಿಯೊಂದರ ಮೊದಲ ಅರ್ಧ ನಿಮಿಷ ಹಾಕುವುದು, ಅದು ಏನೆಂದು ನೋಟ್‌ಬುಕ್ಕಿನಲ್ಲಿ ಬರೆಯುವುದು. ಬರೆಯುವವಳು ನಾನು, ತೀರ್ಪು ಹೇಳುವವರು ಅತ್ತೆ. ಬರೀ ಸಂಖ್ಯೆ ಹಾಕಲು ಅವರು ಬಿಡಲಿಲ್ಲ. ಸಂಖ್ಯೆಯಿಂದ ಯಾರಿಗೆ ಏನು ನೆನಪಾಗುತ್ತದೆ ಎಂದು ಪ್ರತಿ ಅಧ್ಯಾಯಕ್ಕೂ ತಾವೇ ಹೆಸರು ಹೇಳಿದರು. 'ದೇಸಾಯರ ಪೇಟ ಬಾವ್ಯಾಗ', 'ದಿವಾನನ ಮಾರಿ ನೋಡ್ರಿ', 'ಸಣ್ಣ ಸೊಸಿ ಏನೋ ಮುಚ್ಚಿಡ್ತಾಳ'. ಒಂದು ಅಧ್ಯಾಯಕ್ಕೆ 'ಏನೂ ಆಗೂದಿಲ್ಲ' ಎಂದು ಬರೆಸಿದರು. ಮಾಮಾ ಓದುವಾಗ ನಡುವೆ ಕುಕ್ಕರ್ ಕೂಗಿದ್ದಕ್ಕೆ 'ಕುಕ್ಕರ್' ಎಂದೂ ಒಂದು.

ಮೊದಲ ಗೊರಕೆ ಬಂದಾಗ ನನ್ನ ಗಂಡ ಅಲ್ಲೇ ಪೇಪರ್ ಓದುತ್ತಿದ್ದರು. ತಾವು ಗೊರಕೆ ಹೊಡೆಯುವುದೇ ಇಲ್ಲ ಎಂದು ಇಪ್ಪತ್ತೆರಡು ವರ್ಷ ನನ್ನೊಂದಿಗೆ ವಾದಿಸಿದವರು. ಪೇಪರ್ ಕೆಳಗಿಟ್ಟು ಕೇಳಿದರು. ಯಾರಿದು, ಇವರಿಗೆ ಆಸ್ಪತ್ರೆ ತೋರಿಸಬೇಕಲ್ಲ ಎಂದರು. ನಾವು ಮೂವರೂ ಅವರನ್ನೇ ನೋಡಿದೆವು. ಅದೇ ಹೊತ್ತಿಗೆ ರೆಕಾರ್ಡಿನಲ್ಲಿ ನನ್ನ ಧ್ವನಿ, "ರೀ, ಸ್ವಲ್ಪ ಮಗ್ಗಲಾಗ್ರಿ," ಎಂದಿತು. ಅವರು ಎರಡನೆಯದನ್ನೂ ಮೂರನೆಯದನ್ನೂ ಹಾಕಿಸಿ ಪೂರ್ತಿ ಕೇಳಿದರು. ನಡುವೆ ಉಸಿರು ನಿಲ್ಲುವಲ್ಲಿ ತಾವೂ ಉಸಿರು ಹಿಡಿದಿದ್ದರು. ಅತ್ತೆ, ನಿಮ್ಮಪ್ಪನದೂ ಹೀಗೇ ಇತ್ತು ಎಂದು ಮಗನ ಬೆನ್ನು ಸವರಿದರು. ಮುಂದಿನ ವಾರವೇ ಅವರು ತಾವಾಗಿ ವೈದ್ಯರ ಹತ್ತಿರ ಹೋದರು. ಈಗ ಮೂಗಿಗೆ ಒಂದು ಯಂತ್ರ ಕಟ್ಟಿಕೊಂಡು ಮಲಗುತ್ತಾರೆ, ಮನೆ ನಿಶ್ಶಬ್ದವಾಗಿದೆ, ನನಗೆ ಅಭ್ಯಾಸ ತಪ್ಪಿ ಎಚ್ಚರವಾಗುತ್ತದೆ.

ಪಟ್ಟಿ ಮುಗಿಯುವಾಗ ಮಧ್ಯಾಹ್ನದ ಊಟದ ಹೊತ್ತಾಗಿತ್ತು. ಅಧ್ಯಾಯಗಳು ನಲವತ್ತನಾಲ್ಕು, ಅಧ್ಯಾಯವಲ್ಲದವು ಹದಿಮೂರು. ಒಂದು ಕಡೆ ಈಗಿನ ಹೆಸರು, ಎದುರಿಗೆ ಅತ್ತೆ ಹೇಳಿದ ಹೆಸರು, ಮುಂದೆ ಸಂಖ್ಯೆ. ಇದನ್ನು ಓದಿಕೊಂಡು ಹೆಸರು ಬದಲಿಸುವ ಇನ್ನೊಂದು ಸ್ಕ್ರಿಪ್ಟ್ ಬರೆದೆ. ಈ ಸಲ ಮೊದಲು ಎಲ್ಲ ಫೈಲುಗಳ ನಕಲು ಮಾಡಿಟ್ಟೆ. ಆಮೇಲೆ, ಏನನ್ನೂ ಬದಲಿಸದೆ ಏನು ಬದಲಿಸುತ್ತೀಯ ಎಂಬುದನ್ನು ಮಾತ್ರ ತೋರಿಸು ಎಂದು ಯಂತ್ರಕ್ಕೆ ಹೇಳಿದೆ. ಅದು ಸಾಲುಸಾಲಾಗಿ ತೋರಿಸಿತು. ನಾನು ಗಟ್ಟಿಯಾಗಿ ಓದಿದೆ, ಅತ್ತೆ ಪ್ರತಿ ಸಾಲಿಗೂ ತಲೆಯಾಡಿಸಿದರು. ಹದಿನೇಳನೆಯದರ ಹತ್ತಿರ ಹೋಟೆಲಮ್ಮ ನನ್ನ ಕೈ ಹಿಡಿದರು.

"ಆ ಗೊರಕೆ ತೆಗೆಯಬೇಡ ಮಾರಾಯ್ತಿ. ಪತ್ತೇದಾರ ಆದರೆ ಎಂತ, ಅವನೂ ಒಮ್ಮೆ ಮಲಗಬೇಕಲ್ಲ."

ನನ್ನ ಗಂಡ ಕಟುವಾಗಿ ವಿರೋಧಿಸಿದರು. ಅತ್ತೆ ಎರಡೂ ಕಡೆ ಕೇಳಿ, ಒಂದು ಗೊರಕೆ ಇರಲಿ, ಎರಡು ಹೋಗಲಿ ಎಂದರು. ಮಾಮಾನಿಗೆ ನಿಜ ಹೇಳುವುದು ಬೇಡವೆಂದೂ ಅಲ್ಲೇ ತೀರ್ಮಾನವಾಯಿತು. ಮೂವತ್ತು ವರ್ಷ ನಾಟಕ ಮಾಡಿದವರಿಗೆ ಅಷ್ಟು ದೊಡ್ಡ ಹೊಗಳಿಕೆ ಯಾರಿಂದಲೂ ಬಂದಿರಲಿಲ್ಲ. ಎಂಟರ್ ಗುಂಡಿಯನ್ನು ಅತ್ತೆಯ ಬೆರಳಿಂದಲೇ ಒತ್ತಿಸಿದೆ.

ಅದಾದ ಮೂರು ವಾರಕ್ಕೆ ಕಥೆ ಕೊನೆಗೆ ಬಂತು. ನಾನು ಅವತ್ತು ರಜೆ ಹಾಕಿದೆ. ಗಂಡನೂ ಏನೋ ನೆಪ ಹೇಳಿ ಮನೆಯಲ್ಲೇ ಉಳಿದರು. ದೇಸಾಯರ ಹೆಂಡತಿ ಅತ್ತಳು, ಪತ್ತೇದಾರ ಎದ್ದು ನಿಂತ, ಕೊಲೆಗಾರ ಬೇರೆ ಯಾರೂ ಅಲ್ಲ, ಮನೆಯ ವೈದ್ಯರು ಎಂದ. ಅತ್ತೆ ಐವತ್ತು ವರ್ಷ ದಿವಾನನ ಮೇಲೆ ಸಂಶಯಪಟ್ಟಿದ್ದರು. ಹೋಟೆಲಮ್ಮ ಕೊನೆಯ ಗಳಿಗೆಯವರೆಗೂ ಅವಳಿ ತಮ್ಮನಿಗಾಗಿ ಕಾದಿದ್ದರು. ಇಬ್ಬರಿಗೂ ಸ್ವಲ್ಪ ನಿರಾಸೆಯಾಯಿತು. ವೈದ್ಯ ಒಳ್ಳೆಯ ಮನುಷ್ಯನಾಗಿದ್ದ ಎಂದು ಅತ್ತೆ ಎರಡು ಸಲ ಹೇಳಿದರು.

ನಾನು ಸ್ಪೀಕರ್ ಆರಿಸಲು ಏಳುತ್ತಿದ್ದೆ, ಅತ್ತೆ ಕೈಸನ್ನೆ ಮಾಡಿ ತಡೆದರು. ರೆಕಾರ್ಡ್ ಇನ್ನೂ ಮುಗಿದಿರಲಿಲ್ಲ. ಮಾಮಾ ಮುಗಿಯಿತು ಎಂದು ಓದಿ, ಫೋನ್ ನಿಲ್ಲಿಸುವುದನ್ನು ಮರೆತಿದ್ದರು. ಪುಸ್ತಕ ಮುಚ್ಚಿದ ಸದ್ದು, ಕುರ್ಚಿ ಕಿರಗುಟ್ಟಿದ ಸದ್ದು. ಫ್ಯಾನು ತಿರುಗುತ್ತಿತ್ತು. ಅಂಗಳದಲ್ಲಿ ಯಾರೋ ಕೊಡ ಇಟ್ಟರು. ದೂರದಿಂದ ಮಾಮಿ ಊಟಕ್ಕೆ ಕರೆದರು, ಮಾಮಾ ಬಂದೆ ಎಂದರು, ಆದರೆ ಏಳಲಿಲ್ಲ. ಮಾಮಿ ಇನ್ನೊಮ್ಮೆ ಕರೆದರು, ತಟ್ಟೆ ಹಾಕಿದ್ದೇನೆ, ಆರಿಹೋಗುತ್ತದೆ ಎಂದರು. ಅತ್ತೆ ತವರಿನ ಆ ಸದ್ದುಗಳನ್ನು ಕಣ್ಣುಮುಚ್ಚಿ ಕೇಳುತ್ತಿದ್ದರು. ಅಷ್ಟರಲ್ಲಿ ರೆಕಾರ್ಡ್ ತುಂಡಾಯಿತು.

ಅತ್ತೆ ಕಣ್ಣು ತೆರೆದು, ಧಾರವಾಡಕ್ಕೆ ಫೋನ್ ಹಚ್ಚು ಎಂದರು. ಕೊಲೆಗಾರನ ವಿಷಯ ಮಾತಾಡಲಿಕ್ಕೆ ಎಂದುಕೊಂಡು ಹಚ್ಚಿಕೊಟ್ಟೆ. ಅತ್ತೆ ಮಾಮಾನನ್ನು ಬದಿಗಿಟ್ಟು ಮಾಮಿಯನ್ನು ಕರೆಸಿ, ಕಥೆ ಓದಿ ಮುಗಿಸಿದ ದಿನ ಊಟಕ್ಕೆ ಏನು ಮಾಡಿದ್ದೆ ಎಂದು ಕೇಳಿದರು. ತಿಂಗಳ ಹಿಂದಿನ ಮಾತು. ಮಾಮಿ ಒಂದು ಕ್ಷಣವೂ ಯೋಚಿಸಲಿಲ್ಲ. ಮೆಂತ್ಯದ ಪಲ್ಯ, ಜೋಳದ ರೊಟ್ಟಿ, ಅವರು ಏಳುವಷ್ಟರಲ್ಲಿ ರೊಟ್ಟಿ ಚರ್ಮದಂತಾಗಿತ್ತು ಎಂದರು. ಅತ್ತೆ ತೃಪ್ತಿಯಿಂದ ಫೋನ್ ಇಟ್ಟು, ಅಡುಗೆಮನೆಯಲ್ಲಿ ಮೆಂತ್ಯದ ಸೊಪ್ಪಿದೆಯೇ ಎಂದು ನನ್ನನ್ನು ಕೇಳಿದರು.